ನಾನು ಒಡೆದ ಬಟ್ಟಲು

ಹೋದ ವರ್ಷದ ಬೇಸಿಗೆಯವರೆಗೂ ಮನೆಯಲ್ಲಿ ನನಗೊಂದು ಕೆಲಸವಿತ್ತು. ಆವಿಗೆಯಿಂದ, ಅಂದರೆ ಮಡಕೆ ಸುಡುವ ಗೂಡಿನಿಂದ, ತೆಗೆದ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು. ಠಣ್ ಎಂದರೆ ಅಂಗಡಿಗೆ. ಬದ್ ಎಂದರೆ ಎಲ್ಲೋ ಬಿರುಕಿದೆ, ಅಲ್ಲೇ ಕಲ್ಲಿಗೆ ಕುಕ್ಕಿ ಒಡೆಯಬೇಕು. ಇಟ್ಟುಕೊಂಡರೆ ಯಾರಾದರೂ ತಿಳಿಯದೆ ಮಾರಿಬಿಡುತ್ತಾರೆ. ಮದುವೆಯಾಗಿ ಮೈಸೂರಿನ ಈ ಕುಂಬಾರರ ಬೀದಿಗೆ ಬಂದಾಗ ಅತ್ತೆ ಕಲಿಸಿದ್ದು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನನ್ನ ಕಿವಿ ಹೇಳಿದ ಮೇಲೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಮೊಮ್ಮಗಳು ಚೈತ್ರಾಳಿಗೆ ಸೆರಾಮಿಕ್ ಕಲಿಯಬೇಕಿತ್ತು. ವಿಜಯನಗರದ ಒಂದು ಸ್ಟುಡಿಯೊದಲ್ಲಿ ಒಂದು ವರ್ಷದ ತರಬೇತಿ, ಇದ್ದದ್ದು ಒಂದೇ ಸೀಟು. ಸೋಮವಾರ ತಾನೇ ಮಾಡಿದ ಬಟ್ಟಲೊಂದನ್ನು ಒಯ್ದು ತೋರಿಸಬೇಕು. ಗೆಳತಿಯ ಮನೆಯ ಕರೆಂಟ್ ಗೂಡಿನಲ್ಲಿ ಎರಡು ತಿಂಗಳು ಸುಟ್ಟಳು. ಐದು ಹಾಳಾದವು, ಆರನೆಯದು ಮನಸ್ಸಿಗೆ ಬಂತು. ಭಾನುವಾರ ಅದನ್ನು ನನ್ನ ಮುಂದಿಟ್ಟಳು.

"ಮನೆ ಮಾಲು ನಿನ್ ಕೈ ದಾಟಿ ತಾನೇ ಹೋಗ್ಬೇಕು, ನೋಡಜ್ಜಿ" ಎಂದು ಸ್ನಾನಕ್ಕೆ ಹೋದಳು.

ತಿಳಿ ಹಸಿರು, ಮೇಲೆ ಗಾಜಿನ ಹೊಳಪು. ಬೆಳಕಿಗೆ ಹಿಡಿದೆ. ಒಳಗೆಲ್ಲ ಕೂದಲೆಳೆಯಂಥ ಬಿರುಕು. ಬಡಿದೆ. ಬದ್ ಎಂದಿತು. ಇನ್ನೊಮ್ಮೆ ಬಡಿದೆ, ಅದೇ. ಕಲ್ಲಿಗೆ ಕುಕ್ಕಿದೆ.

ಸೊಸೆ ಶಶಿ ಓಡಿಬಂದಳು. "ಅಯ್ಯೋ ಅತ್ತೆ, ಏನ್ ಮಾಡ್ಬುಟ್ರಿ?"

"ಬಿರುಕು ಬಿಟ್ಟಿತ್ತು ಕಣೇ. ಅಲ್ಲೋಗಿ ಮಾನ ಕಳೀತಿತ್ತು."

ಚೈತ್ರಾ ತಲೆಗೆ ಟವೆಲ್ ಸುತ್ತಿಕೊಂಡು ಬಂದು ನಿಂತಳು. "ಅದು ನಾನೇ ಬೇಕೂಂತ ತರ್ಸಿದ್ ಬಿರುಕು ಅಜ್ಜಿ. ಮೇಲಿನ ಹೊಳಪಲ್ಲಿ ಮಾತ್ರ. ಹೊಳಪು ಬಿರಿದ್ರೆ ಸದ್ದು ಹಂಗೇ ಬರೋದು. ಮಣ್ಣು ಗಟ್ಟಿ ಇತ್ತು."

ಒಡೆದ ಅಂಚು ನೋಡಿದೆ. ಗಟ್ಟಿಯಾಗಿಯೇ ಇತ್ತು. ಸುತ್ತಲೂ ಒಂದೇ ದಪ್ಪ. ನಲವತ್ತು ವರ್ಷ ತಿಗರಿ ತಿರುಗಿಸಿದ ನನ್ನ ಗಂಡನಿಗೂ ಅಷ್ಟು ಸಮ ಬರುತ್ತಿರಲಿಲ್ಲ.

"ಮೊದ್ಲೇ ಹೇಳೋದಲ್ವೇನೇ?"

"ನೀನು ಕೇಳೋದಲ್ವಾ?"

ನನಗೆ ಅಳು ಬರಲಿಲ್ಲ. ಚೂರು ಗುಡಿಸಿ ಮೊರಕ್ಕೆ ತುಂಬಿದೆ.

ಹಾಳಾದ ಐದರಲ್ಲೇ ವಾಸಿ ಅನ್ನಿಸಿದ್ದನ್ನು ಅವಳು ಸೋಮವಾರ ಒಯ್ದಳು. ಗುರುವಾರ ಫೋನ್ ಬಂತು. ಸೀಟು ಬೇರೆಯವರಿಗೆ ಹೋಗಿತ್ತು. ಫೋನಿಟ್ಟು, "ಅನ್ನ ಬಡ್ಸಮ್ಮ" ಎಂದಳು. ಮೂವರೂ ಊಟ ಮಾಡಿದೆವು.

ಮುಂದಿನ ವಾರ ಆವಿಗೆ ತೆಗೆದಾಗ ಶಶಿ ಎಂದಿನಂತೆ ಮಡಕೆಗಳನ್ನು ನನ್ನ ಮುಂದೆ ಜೋಡಿಸಿದಳು. ಮೂರನೆಯದು ಬದ್ ಎಂದಿತು. ಅದು ನಿಜವಾಗಿಯೂ ಬಿರಿದ ಮಡಕೆ, ನನಗೆ ಗೊತ್ತು. ಆದರೂ ಎತ್ತಿದ ಕೈ ಇಳಿಯಲಿಲ್ಲ. "ಇದ್ನ ನೀನೇ ನೋಡು" ಎಂದು ಅವಳ ಕೈಗೆ ಕೊಟ್ಟು ಎದ್ದೆ. ಅಲ್ಲಿಗೆ ಕೆಲಸ ಬಿಟ್ಟೆ.

ಒಂದು ಕೆಲಸ ಚೆನ್ನಾಗಿ ಬಂದವರು ಪಕ್ಕದ ಕೆಲಸವೂ ಬರುತ್ತದೆ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ. ಅವತ್ತು ಚೈತ್ರಾಳ ಸ್ನಾನ ಮುಗಿಯುವುದಕ್ಕೆ ಹತ್ತು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಸುಮ್ಮನೆ ಕೂರಬಹುದಿತ್ತು.