ಹೆಸರಿಲ್ಲದ ಒಡಪು, ಐವರು ವಿಮರ್ಶಕರು

ಭೋಂ... ಎಂದು ಮಿಲ್ಲಿನ ಭೋಂಗಾ ಕೂಗಿತೆಂದರೆ ಸೊಲ್ಲಾಪುರದ ನಮ್ಮ ಮನೆಯ ಕಪ್ಪುಬಸಿಗಳು ನಡುಗುತ್ತಿದ್ದವು. ಎಪ್ಪತ್ತರ ದಶಕದ ಆ ಸದ್ದಿನಲ್ಲೇ ನಾನು ಎಂ.ಎ.ಗೆ ಸಾಹಿತ್ಯ ವಿಮರ್ಶೆಯ ಸ್ಕೂಲುಗಳನ್ನು, ಅಂದರೆ ಪಂಥಗಳನ್ನು, ಬಾಯಿಪಾಠ ಮಾಡಿದ್ದು. ನಡುವೆ ಮದುವೆಯಾಗಿ ಅಕ್ಕಲಕೋಟೆಗೆ ಬಂದೆ. ಅದೊಂದು ಪೇಪರು ಉಳಿಯಿತು. ಪರೀಕ್ಷೆಗೆ ಕಳಿಸುವುದು, ಬಿಡುವುದು ಗಂಡನ ಅಜ್ಜಿಯ ಕೈಯಲ್ಲಿತ್ತು. ಎಲ್ಲರೂ ಆಕೆಗೆ ಆಯಿ ಅನ್ನುತ್ತಿದ್ದರು. ಆಯಿ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಅಷ್ಟರಲ್ಲಿ ಸಂಕ್ರಾಂತಿಯ ಅರಿಶಿನ-ಕುಂಕುಮ. ಹೊಸ ಸೊಸೆ ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಒಡಪು ಹೇಳಬೇಕು. ನನಗೋ ನ್ಯೂ ಕ್ರಿಟಿಸಿಸಂ ಜ್ವರ: ಟೆಕ್ಸ್ಟೇ ಸರ್ವಸ್ವ, ಹೊರಗಿನವರ ಹೆಸರು-ವಿಳಾಸ ಕಟ್ಟಿಕೊಂಡು ಏನಾಗಬೇಕು? ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನಂತೆ ಕೈಕಟ್ಟಿ ನಿಂತು ಹೇಳಿದೆ:

"ಬೆಳ್ಳಿ ಬಟ್ಟಲ ನೀರಾಗ ಚಂದಪ್ಪ ಕುಂತಾನ,
ಕೈ ಹಾಕಿದರ ನಗತಾನ, ಕೈ ತಗದರ ನಿಂತಾನ."

ಮುಗಿಯಿತು. ಬಾನಿನ ಚಂದಪ್ಪ ಇದ್ದಾನೆ, ಗಂಡನ ಹೆಸರೇ ಇಲ್ಲ. ಮಾಡರ್ನ್ ಅಂದರೆ ಇದು ಎಂದು ನಾನು ಬೀಗುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ. ಪಕ್ಕದ ಮನೆಯ ಶಾಂತಕ್ಕ, ಈಕೆ ಯಾರ ಮಗಳು, ಯಾವ ಸಾಲಿ ಕಲಿತಾಳ ಎಂದು ವಿಚಾರಣೆಗಿಳಿದಳು, ಬಯಾಗ್ರಫಿಕಲ್ ಸ್ಕೂಲು. ಪ್ರಾಸ ಕೂಡೇದಲ್ಲ, ಸಾಕು ಬಿಡ್ರಿ ಅಂದ ನಾದಿನಿ ಅಪ್ಪಟ ಫಾರ್ಮಲಿಸ್ಟ್. ಮಗ್ಗದ ಮನೆಯ ನರಸವ್ವ ಮಾತ್ರ ಕುಸುರೆಳ್ಳು ಕಡಿಯುತ್ತ, "ಬೆಳ್ಳಿ ಬಟ್ಟಲಾ ತಿಕ್ಕಾಕಿ ಯಾರವಾ? ಆಕಿ ಹೆಸರರೆ ಹೇಳಬೇಕಿತ್ತು" ಅಂದಳು. ಇದಕ್ಕಿಂತ ಚೊಕ್ಕ ಮಾರ್ಕ್ಸಿಸ್ಟ್ ಕ್ರಿಟಿಸಿಸಂ ನಾನು ಓದಿಲ್ಲ. ನೆಗೆಣ್ಣಿಯಂತೂ 'ಕೈ ಹಾಕಿದರ ನಗತಾನ' ಎಂಬಲ್ಲಿಗೇ ತಿರುತಿರುಗಿ ಬಂದು, ಸೆರಗು ಬಾಯಿಗಿಟ್ಟು ಕಿಸಿಕಿಸಿ ನಗುತ್ತಿದ್ದಳು. ಸೈಕೋ-ಅನಾಲಿಸಿಸ್ ಬಿಡಿಸಿ ಹೇಳಬೇಕೆ? ಇಡೀ ಸಿಲಬಸ್ಸೇ ಇಳಕಲ್ ಸೀರೆಯುಟ್ಟು ಕೂತಿತ್ತು. ನಗು ಬರುತ್ತಿತ್ತು, ಕಣ್ಣು ಮಾತ್ರ ಆಯಿಯ ಕಡೆಗೇ ಹೋಗುತ್ತಿತ್ತು. ಒಂದು ಒಡಪು ನೆಟ್ಟಗೆ ಬಾರದವಳನ್ನು ಪರೀಕ್ಷೆಗೆ ಯಾರು ಕಳಿಸುತ್ತಾರೆ?

ಕಡೆಗೆ ಆಯಿ ಎಲೆ-ಅಡಿಕೆ ಒತ್ತಟ್ಟಿಗೆ ಸರಿಸಿದಳು.

"ಹೆಸರು ಆಕಿ ಹೇಳಿಲ್ಲ, ಖರೆ. ನಗತಾನ ಅಂದಕೂಡ್ಲೆ ನಮ್ಮ ಹಲ್ಲಕಿಸಕ ಮೊಮ್ಮಗನ ಮಾರಿ ನಿಮಗ್ಯಾರಿಗೂ ಕಾಣಲಿಲ್ಲೇನು?"

ಎಲ್ಲರಿಗೂ ಕಂಡಿತ್ತು. ಕವಿತೆಯ ಅರ್ಧ ಓದುಗರ ಬಳಿ ಇರುತ್ತದೆ ಎಂಬ ಸ್ಕೂಲು ನನ್ನ ನೋಟ್ಸಿನ ಕೊನೆಯ ಪುಟದಲ್ಲಿತ್ತು. ನಾನದನ್ನು ಇಂಪಾರ್ಟೆಂಟ್ ಅಲ್ಲವೆಂದು ಬಿಟ್ಟಿದ್ದೆ.

"ಪರೀಕ್ಷಾಕ್ಕ ಹೋಗಲಿ," ಅಂದಳು ಆಯಿ. "ಇನ್ನಾ ಅರ್ಧಾನ ಕಲ್ತಾಳ."

ಪರೀಕ್ಷೆಗೆ ಹೊರಟ ದಿನ ಎಸ್.ಟಿ. ಬಸ್ ಸ್ಟ್ಯಾಂಡಿಗೆ ಆಕೆಯೇ ಬಂದಳು. ರೊಟ್ಟಿ, ಶೇಂಗಾಚಟ್ನಿಯ ಗಂಟು ನನ್ನ ಮಡಿಲಿಗಿಟ್ಟು, "ಏನರೆ ಬರಿ, ಹಸಕೊಂಡು ಬರೀಬ್ಯಾಡ" ಅಂದಳು. ರಿಸಲ್ಟ್ ಕೇಳಲು ಆಕೆ ಉಳಿಯಲಿಲ್ಲ. ನಾನು ಕಡೆಯದಾಗಿ ಕಂಡದ್ದು, ನನಗೆ ಕಿಟಕಿಯ ಸೀಟು ಕೊಡಿಸಲು ಆಕೆ ಕಂಡಕ್ಟರನೊಡನೆ ಜಗಳಕ್ಕೆ ನಿಂತದ್ದನ್ನು. ಅವನದು ಮರಾಠಿ, ಇವಳದು ಕನ್ನಡ. ಇಬ್ಬರಿಗೂ ಎರಡೂ ಬರುತ್ತಿತ್ತು, ಒಬ್ಬರೂ ತಮ್ಮದು ಬಿಡಲೊಲ್ಲರು. ಸೀಟು ಸಿಕ್ಕಿತು.