ಆರನೆಯ ಸದ್ದು

ಆ ಹಾಳೆ ಈಗ ನನ್ನ ಬಳಿ ಇಲ್ಲ, ಹರಿದು ಹಾಕಿದೆ. ಅದರಲ್ಲಿದ್ದದ್ದು ಒಂದು ಗೆರೆ: ಉಪಗ್ರಹವೊಂದು ಹಿಡಿದ ಎಕ್ಸ್-ಕಿರಣಗಳ ಎಣಿಕೆ. ಸಪಾಟಾಗಿ ಬಂದ ಗೆರೆ ಒಂದು ಕಡೆ ಥಟ್ಟನೆ ಎದ್ದು, ಕುಸಿದು, ಮತ್ತೆ ಎದ್ದಿತ್ತು. ದಿಂಡಿಗಲ್ಲಿನ ಕಾಲೇಜಿನಲ್ಲಿ ನನ್ನ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ ಅದರ ಮೇಲೆ ಎರಡು ಗುರುತು ಹಾಕಿ ತಂದಿದ್ದಳು. ಎರಡು ಸಿಡಿತ ಮೇಡಂ, ಎಂದಳು. ಒಂದೇ, ಎಂದೆ. ಎರಡು ಕಾಣ್ತಿದೆಯಲ್ಲ ಎಂದು ಬೆರಳಿಟ್ಟಳು. ಹಾಳೆಯನ್ನು ಕಸಿದು ಹರಿದೆ. ಅವಳು ಹೆದರಿ ಗೋಡೆಗೆ ಸರಿದಳು... ಇದು ಕಳೆದ ತಿಂಗಳ ಮಾತು, ಆದ್ದರಿಂದ ನಂಬಬಹುದು. ಹಳೆಯದನ್ನು ಅಷ್ಟು ನಂಬಬೇಡಿ.

ನಾವು ನೋಡುವುದು ಜೋಡಿ ನಕ್ಷತ್ರಗಳನ್ನು. ಜೋಡಿಯಲ್ಲೊಂದು ನ್ಯೂಟ್ರಾನ್ ನಕ್ಷತ್ರ, ಸತ್ತ ನಕ್ಷತ್ರದ ಗಟ್ಟಿ ಉಂಡೆ. ನಮ್ಮ ಕಡೆಯ ಕಂಬಂನಿಂದ ಚಿನ್ನಮನೂರಿಗೆ ಇರುವಷ್ಟು, ಇಪ್ಪತ್ತು ಕಿಲೋಮೀಟರು ಅಗಲ, ಸೂರ್ಯನಿಗಿಂತ ಹೆಚ್ಚು ತೂಕ. ಅದು ಜೊತೆಗಿರುವ ನಕ್ಷತ್ರದ ಮೈಯಿಂದ ಅನಿಲವನ್ನು ಸುಲಿದುಕೊಳ್ಳುತ್ತದೆ. ಸುಲಿದದ್ದು ಪದರವಾಗಿ ಕೂಡಿ, ಗಂಟೆಗಟ್ಟಲೆ ಒತ್ತಿ, ಆಮೇಲೆ ಇಡೀ ಮೈ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕೆಲವು ಸಿಡಿತ ಎಷ್ಟು ಭೀಕರವೆಂದರೆ ಉರಿಯುವ ಪದರವೇ ಉಬ್ಬಿ, ತಣಿದು, ಕ್ಷಣಹೊತ್ತು ಎಕ್ಸ್-ಕಿರಣ ತಗ್ಗುತ್ತದೆ. ಪದರ ಕುಗ್ಗಿದಾಗ ಮತ್ತೆ ಏರುತ್ತದೆ. ಒಂದೇ ಏಟು, ಎರಡಾಗಿ ಕಾಣುತ್ತದೆ. ಹದಿನೈದು ವರ್ಷದಿಂದ ಇದನ್ನು ಪಾಠ ಮಾಡುತ್ತಿದ್ದೇನೆ. ಕಲಿತದ್ದು ಮಾತ್ರ ಬೇರೆ ಕಡೆ.

ತಮಿಳು ಸೀಮೆಯ ನಮ್ಮೂರು ಹನುಮಂತನಪಟ್ಟಿಯಲ್ಲಿ ಪಕ್ಕದ ಮನೆಯ ಮಾಮ ಬಾವಿ ಆಳ ಮಾಡಲು ಬಂಡೆಗೆ ಮದ್ದಿಟ್ಟು ಸಿಡಿಸುವವರು. ರಕ್ತಸಂಬಂಧವಲ್ಲ, ಕನ್ನಡ ಮಾತಾಡುವ ಮನೆಯವರೆಲ್ಲ ನಮಗೆ ಮಾಮ, ಅತ್ತೆ. ಈ ಮಾಮ ಆಳುಗಳನ್ನು ತಮಿಳಿನಲ್ಲಿ ಬೈದು, ಬಂಡೆಯನ್ನು ಕನ್ನಡದಲ್ಲಿ ಬೈಯುತ್ತಿದ್ದರು. ನಾನಾಗ ಮಧುರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನಕ್ಷತ್ರ ಎಣಿಸೋಕೆ ಕಾಲೇಜು ಯಾಕೆ, ನಮ್ಮ ಮಾಳಿಗೆ ಮೇಲೆ ಮಲಕ್ಕೊಂಡರೆ ಪುಕ್ಕಟೆ ಅಲ್ಲವಾ ಎಂದು ಕೀಟಲೆ ಮಾಡುವರು. ಆದರೂ ಮನೆಗೆ ಬಂದ ಕಾಗದವನ್ನು ನನ್ನಿಂದಲೇ ಓದಿಸುವರು. ಓದು ಬಾರದ ಅವರಿಗೆ ಬರೆದದ್ದರ ಮೇಲೆ ಅಂಥ ನಂಬಿಕೆ.

ಬಂಡೆಯಲ್ಲಿ ಕೊರೆದ ಎಷ್ಟು ಮದ್ದಿನ ಕುಳಿಗೆ ಬತ್ತಿ ಹಚ್ಚಿದರೋ ಅಷ್ಟು ಹರಳುಕಲ್ಲು ಅವರ ಕೈಯಲ್ಲಿರುತ್ತಿತ್ತು. ಪ್ರತಿ ಸದ್ದಿಗೆ ಒಂದನ್ನು ಬೀಳಿಸುವರು. ಕೈ ಖಾಲಿಯಾದರೆ ಬಾವಿಗೆ ಇಳಿಯಬಹುದು. ಒಂದು ಉಳಿದರೂ ಒಂದು ಕುಳಿ ಸಿಡಿದಿಲ್ಲವೆಂದು ಅರ್ಥ. ಮರುದಿನದವರೆಗೆ ಯಾರೂ ಇಳಿಯಕೂಡದು. ಎರಡು ಕುಳಿ ಒಟ್ಟಿಗೇ ಸಿಡಿದು ಒಂದೇ ಸದ್ದಾಗುವುದೂ ಉಂಟು, ಅದಕ್ಕೆ ಬಾವಿಯ ಮನೆಯವರೊಬ್ಬರು ಜೊತೆಗೆ ಎಣಿಸಬೇಕು. ಅವತ್ತು ಬಾವಿ ನಮ್ಮದು. ಎಣಿಸಿದವಳು ನಾನು, ನೋಟುಬುಕ್ಕಿನಲ್ಲಿ ಗೆರೆ ಎಳೆಯುತ್ತ.

ಆರು ಕುಳಿ. ಬೆಳಗಿನ ಹೊತ್ತು. ಮೊದಲ ಏಟಿಗೆ ನನ್ನ ಹಲ್ಲುಗಳು ಅದುರಿದವು. ಎರಡನೆಯದಕ್ಕೆ ತಲೆಗಾತ್ರದ ಕಲ್ಲು ತೆಂಗಿನ ಗರಿ ಸೀಳಿಕೊಂಡು ಬಿತ್ತು. ಮೂರು. ನಾಲ್ಕು... ಐದನೆಯದು ಎಲ್ಲಕ್ಕಿಂತ ಜೋರು, ಅದರ ಬೆನ್ನಿಗೇ ಇನ್ನೊಂದು, ಪಡುವಣ ಬೆಟ್ಟದ ಕಡೆಯಿಂದ. ಬೆಟ್ಟದ ಕಡೆಯಿಂದ ಎಂದು ಈಗ ಬರೆಯುತ್ತಿದ್ದೇನೆ. ಆಗ ಹಾಗೆ ಕೇಳಿಸಿತ್ತೋ ಇಲ್ಲವೋ... ಗೆರೆ ಎಳೆದೆ.

ಮಾಮನ ಅಂಗೈಯಲ್ಲಿ ಒಂದು ಹರಳು ಉಳಿದಿತ್ತು.

"ಎಷ್ಟು ಸದ್ದಾಯ್ತು ಕಂದಾ?"

"ಆರು ಮಾಮ. ಬರೆದಿದೀನಿ ನೋಡಿ."

ಅವರು ಪುಸ್ತಕ ನೋಡಿದರು, ಕೈ ನೋಡಿದರು. "ನಾನೇ ಬೇರೆ ಏನೋ ಯೋಚನೇಲಿದ್ದೆ ಅಂತ ಕಾಣ್ತದೆ," ಎಂದು ನಕ್ಕು ಉಳಿದ ಹರಳನ್ನು ಚೆಲ್ಲಿದರು. ನಗಲಿಲ್ಲವೇನೋ. ಆ ನಗುವನ್ನು ನಾನೇ ಆಮೇಲೆ ಅಂಟಿಸಿರಬಹುದು.

ಮಾಮ ಇಳಿದು ಹಾರೆಯಿಂದ ಮೊದಲ ಕಲ್ಲು ಮೀಟಿದ್ದೇ ತಡ, ಆರನೆಯ ಕುಳಿ ಸಿಡಿಯಿತು. ಬಾವಿ ಕಾರಿತು: ಕಲ್ಲು, ಕೆಸರು, ಹೊಗೆ, ಅವರು ತಲೆಗೆ ಸುತ್ತಿದ್ದ ಟವೆಲು... ಕಲ್ಲು ಎತ್ತುವ ಬಕೆಟ್ಟಿನಲ್ಲೇ ಅವರನ್ನು ಎತ್ತಿದರು. ಬಕೆಟ್ಟನ್ನು ಎರಡು ಸಲ ಇಳಿಸಬೇಕಾಯಿತು. ಎರಡನೆಯ ಸಲ ಬಂದದ್ದನ್ನು, ಯಾರೋ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿಯುವ ಮೊದಲೇ ನೋಡಿಬಿಟ್ಟಿದ್ದೆ. ಇದೊಂದರಲ್ಲಿ ನನಗೆ ಸಂಶಯವಿಲ್ಲ.

ಮಾಮ ತಪ್ಪೆಣಿಸಿದರು ಎಂದು ಊರು ತೀರ್ಮಾನಿಸಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನೋಟುಬುಕ್ಕನ್ನು ಒಲೆಗೆ ಹಾಕಿದೆ.

ಹಾಳೆ ಹರಿದ ಮರುದಿನ ಆ ಹುಡುಗಿಯ ಕ್ಷಮೆ ಕೇಳಿ, ಬತ್ತಲಗುಂಡಿನ ದಾರಿಯಾಗಿ ನಮ್ಮೂರಿಗೆ ಹೋಗುವ ಬಸ್ಸು ಹತ್ತಿದೆ. ಮಾಮನ ಹೆಂಡತಿ, ಅತ್ತೆ, ಜಗಲಿಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಇಷ್ಟು ದಿನಕ್ಕೆ ದಾರಿ ಗೊತ್ತಾಯಿತಾ ಎಂದು ಚುಚ್ಚಿದರು. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದೆ. ಎಲ್ಲವನ್ನೂ ಹೇಳಿದೆ. ಮಾಮನ ಎಣಿಕೆ ಸರಿ ಇತ್ತು ಅತ್ತೆ, ಬೆಟ್ಟದ ಮಾರ್ದನಿಯನ್ನೂ ಎಣಿಸಿದ ತಪ್ಪು ನನ್ನದು ಎಂದೆ. ಅವರ ಬೆರಳುಗಳು ಇನ್ನೂ ಸ್ವಲ್ಪ ಹೊತ್ತು ಎಲೆ ಬಿಡಿಸುತ್ತಲೇ ಇದ್ದವು. ಆಮೇಲೆ ನಿಂತವು.

"ದಿನಾ ಬೈದೀನಿ ಅವರ್ನ," ಎಂದರು. "ಐದು ಯಾವುದು ಆರು ಯಾವುದು ಗೊತ್ತಾಗದೆ ನಮ್ಮನ್ನ ಬಿಟ್ಟು ಹೋದ ಗಂಡಸು ಅಂತ. ಇಪ್ಪತ್ತೆರಡು ವರ್ಷ... ಅವರ ಪಟದ ಮುಂದೆ ಒಂದು ದೀಪ ಹಚ್ಚಲಿಲ್ಲ."

ಕಾಲು ಮುಟ್ಟಲು ಬಗ್ಗಿದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಎದ್ದು ಒಳಗೆ ಹೋದರು. ಬೆಂಕಿಕಡ್ಡಿ ಗೀರುವ ಸದ್ದು ಕೇಳಿಸಿತು. ಕಡ್ಡಿ ಮುರಿದಿರಬೇಕು, ಮತ್ತೆ ಗೀರಿದರು, ಮತ್ತೆ... ನಾನು ಜಗಲಿಯಲ್ಲೇ ನಿಂತಿದ್ದೆ. ಒಳಗೆ ಬಾ ಎನ್ನಲಿಲ್ಲ.