ಬರೀ ಫ್ಲ್ಯಾಶ್

ಆಲ್ದೂರಿನ ಸುಕನ್ಯಾಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸುತ್ತಲಿನ ಮದುವೆ ಛತ್ರಗಳಲ್ಲೆಲ್ಲ ಹೆಸರು. ಇರಲಿ ಬಿಡಿ. ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ನಿಂತವಳನ್ನೇ ಹಿಡಿದು "ಫೋಟೋದವ್ರು ಎಲ್ಲಮ್ಮ?" ಎಂದು ಕೇಳುವ ಜನರ ನಡುವೆ ಹದಿನಾರು ವರ್ಷ ಕೆಲಸ ಮಾಡಿದರೆ ಯಾರಿಗಾದರೂ ಸಿಟ್ಟು ಬಂದೀತು. ಪುರೋಹಿತರು ಏನು ಹೇಳುವುದಿದ್ದರೂ ಉಮೇಶನಿಗೇ ಹೇಳುತ್ತಿದ್ದರು. ಉಮೇಶ ಅವಳ ಗಂಡನೂ ಅಲ್ಲ, ಅಣ್ಣನೂ ಅಲ್ಲ. ಒಂಬತ್ತು ವರ್ಷದಿಂದ ಜೊತೆಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದವನು, ಅಷ್ಟೆ. ಅವನು ಮಂಟಪದ ಎದುರು, ಅವಳು ಪಕ್ಕಕ್ಕೆ. ಧಾರೆಯ ನೀರು ಬೀಳುವಾಗ ಅವನು ಮದುಮಕ್ಕಳ ಕೈ ತೆಗೆದರೆ ಅವಳು ಹೆಣ್ಣಿನ ತಾಯಿಯ ಮುಖ ತೆಗೆಯುತ್ತಿದ್ದಳು. ಹುಬ್ಬು ಹಾರಿಸಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು.

ಅವಳ ಸಿಟ್ಟಿನ ಬೇರು ಹಳೆಯದು. ಮಲ್ಲಂದೂರು ಕಡೆಯ ಒಂದು ಎಸ್ಟೇಟಿನ ಕೂಲಿಲೈನಿನಲ್ಲಿ ಹುಟ್ಟಿದವಳು ಅವಳು. ಎಂಟು ವರ್ಷದವಳಿದ್ದಾಗ ಸಾಹುಕಾರರ ಮಗನ ಮದುವೆಗೆ ಅವ್ವ ಅಣ್ಣಮ್ಮ ಇದ್ದೊಂದು ಒಳ್ಳೆಯ ಸೀರೆ ಉಟ್ಟು ಮದುಮಕ್ಕಳ ಪಕ್ಕ ನಿಂತಿದ್ದಳು. ಫ್ಲ್ಯಾಶ್ ಹೊಳೆಯಿತು. ಅವ್ವ ಮನೆಗೆ ಬಂದವಳೇ ಫೋಟೋ ತೂಗುಹಾಕಲು ಗೋಡೆಗೆ ಮೊಳೆ ಹೊಡೆದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದಾಗಲೆಲ್ಲ ಅವನು ಬರುತ್ತೆ, ಬರುತ್ತೆ ಎಂದ. ಮೂರು ಕೊಯ್ಲು ಕಳೆದ ಮೇಲೆ ಆ ಮೊಳೆಗೆ ಕ್ಯಾಲೆಂಡರ್ ಹತ್ತಿತು.

ಮುಂದೆ ಸ್ಟುಡಿಯೋ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿನ ಯಜಮಾನ ಹಳೆಯ ಕಾಲದ ಗುಟ್ಟೊಂದನ್ನು ನಗುತ್ತಾ ಹೇಳಿದ. ಲೆಕ್ಕಕ್ಕಿಲ್ಲದ ಜನ ಬಂದು ನಿಂತರೆ ಯಾರೂ ಫಿಲ್ಮ್ ದಂಡ ಮಾಡುತ್ತಿರಲಿಲ್ಲವಂತೆ, ಬರೀ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದರಂತೆ. ಸುಕನ್ಯಾ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಅವ್ವನಿಗೆ ಇದನ್ನು ಇಂದಿಗೂ ಹೇಳಿಲ್ಲ. ಹೇಳಿದ್ದು ಉಮೇಶನೊಬ್ಬನಿಗೆ.

ಕಳೆದ ಏಪ್ರಿಲಿನಲ್ಲಿ ಮೂಡಿಗೆರೆಯಲ್ಲಿ ಜಾವಳಿ ಕಡೆಯ ಪ್ಲಾಂಟರೊಬ್ಬರ ಮಗಳು ಕೃತಿಕಾಳ ಮದುವೆಯಿತ್ತು. ನೆಂಟರಿಷ್ಟರೆಲ್ಲ ಮದುಮಕ್ಕಳ ಜೊತೆ ನಿಂತು ತೆಗೆಸಿಕೊಂಡಾದ ಮೇಲೆ ಎಸ್ಟೇಟಿನ ಆಳುಗಳ ಸರದಿ ಬಂತು. ಸುಕನ್ಯಾ ಬ್ಯಾಟರಿ ಬದಲಿಸಿಕೊಂಡು ಬರುವಷ್ಟರಲ್ಲಿ ಹನ್ನೊಂದು ಜನ ನಿಂತು ಇಳಿದು ಊಟಕ್ಕೆ ಹೋಗಿಯಾಗಿತ್ತು. ಹನ್ನೆರಡನೆಯವನು ಕೈಕಟ್ಟಿ ನಿಂತ. ಬೆಳಕು ಹೊಳೆಯಿತು. ಉಮೇಶನ ಬೆರಳು ಮಾತ್ರ ಕ್ಯಾಮೆರಾದ ಮೇಲಿರಲಿಲ್ಲ. ಫ್ಲ್ಯಾಶಿನ ಹಿಂದಿರುವ, ಬರೀ ಬೆಳಕು ಹೊಡೆಯುವ ಗುಂಡಿಯ ಮೇಲಿತ್ತು.

ಸುಕನ್ಯಾಳ ಮೈಯೆಲ್ಲ ಉರಿದುಹೋಯಿತು. ಕ್ಯಾಮೆರಾ ಕಿತ್ತುಕೊಂಡು ನೋಡಿದಳು. ಗಂಡಿನ ಸೋದರಮಾವನ ಸಂಸಾರವೇ ಕೊನೆ, ಆಮೇಲೆ ಒಂದೂ ಇಲ್ಲ.

ಉಮೇಶ ಅವಳನ್ನು ಕಂಬದ ಮರೆಗೆ ಕರೆದು ಸಮಾಧಾನ ಹೇಳಿದ. ಈ ಎಸ್ಟೇಟಿನ ರೈಟರ್ ದೇವರಾಜ ಬಂದು, ಆಲ್ಬಮ್ಮಿಗೆ ಇವರದು ಬೇಡ, ಸುಮ್ಮನೆ ಫ್ಲ್ಯಾಶ್ ಹೊಡೆದು ಬೇಗ ಸಾಗಹಾಕಿ ಅಂದನಂತೆ. ಹೇಗೂ ಬೇಡವಾದದ್ದನ್ನು ತೆಗೆದು, ಆಮೇಲೆ ಕೂತು ಅಳಿಸುವ ಕೆಲಸ ಯಾಕೆ ಎಂದ.

"ಆಗಿನವ್ರು ಫಿಲ್ಮಾದ್ರೂ ಉಳಿಸ್ತಿದ್ರು. ನೀನು ಏನು ಉಳಿಸ್ದೆ, ಉಮೇಶ?"

ಅವಳು ತಾನೇ ಎದುರು ನಿಂತು ಹನ್ನೆರಡನೆಯವನಿಂದ ಹಿಡಿದು ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದಳು. ಮೊದಲಿನ ಹನ್ನೊಂದು ಜನರನ್ನು ಮತ್ತೆ ಕರೆತರುತ್ತೇನೆ, ಸ್ವಲ್ಪ ಕೂತಿರಿ ಎಂದು ಕೃತಿಕಾಳಿಗೆ ಹೇಳಿ ಊಟದ ಹಾಲಿಗೆ ಓಡಿದಳು. ಅಲ್ಲಿ ಆಗಲೇ ಎಲೆಗೆ ಅನ್ನ ಬಿದ್ದಿತ್ತು. ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದುಂಟೇ? ಎಂಥ ಸಿಟ್ಟಿನಲ್ಲೂ ಆ ಕೆಲಸ ಅವಳಿಂದಾಗದು. ಸಾರು ಬಂತು, ಪಾಯಸ ಬಂತು. ಬಡಿಸುವವರು ಮದುವೆಗೆ ನಾಳೆಯವರೆಗೂ ಹೊತ್ತಿದೆ ಎಂಬಂತೆ ನಡೆಯುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿಕೊಂಡು ಮಜ್ಜಿಗೆಗಾಗಿ ಕಾದಳು. ಮಜ್ಜಿಗೆ ಬರುವ ಮೊದಲೇ ಹೊರಗೆ ವಾಲಗ ಜೋರಾಯಿತು. ರಾಹುಕಾಲ ಹತ್ತಿರವಾಯಿತೆಂದು ಹಿರಿಯರು ಹೆಣ್ಣನ್ನು ಎಬ್ಬಿಸಿ ಕಾರು ಹತ್ತಿಸಿದ್ದರು. ಅವಳು ಅಂಗಳಕ್ಕೆ ಬರುವಾಗ ಹೂವಿನ ಕಾರು ಗೇಟು ದಾಟಿತ್ತು.

ಆಳುಗಳು ಉಂಡು ಬಂದು ಪಿಕಪ್ ಹತ್ತತೊಡಗಿದರು. ಮೊದಲಿನ ಹನ್ನೊಂದು ಜನರಲ್ಲಿ ಒಬ್ಬಳು ದೇವೀರಮ್ಮ ಎಂಬ ಮುದುಕಿ, ಕೃತಿಕಾಳನ್ನು ಮೂರು ತಿಂಗಳ ಕೂಸಿನಿಂದ ಎತ್ತಿ ಆಡಿಸಿದವಳು. ಉಮೇಶನನ್ನು ಕಂಡು ನಿಂತಳು.

"ನಂದೂ ನಮ್ ಕೃತಿಕಮ್ಮಾವ್ರದ್ದೂ ಫೋಟೋ ಯಾವಾಗ ಕೊಡ್ತೀರಪ್ಪ?"

ಉಮೇಶ ಸುಕನ್ಯಾಳ ಮುಖ ನೋಡಿದ. ಒಂಬತ್ತು ವರ್ಷ ಹುಬ್ಬಿನಲ್ಲೇ ಮಾತಾಡಿದವಳು ಈಗ ಹುಬ್ಬು ಅಲ್ಲಾಡಿಸಲಿಲ್ಲ.

"ಹೇಳು. ಬರುತ್ತೆ ಅಂತ ಮಾತ್ರ ಹೇಳ್ಬೇಡ," ಎಂದಳು.

ಅವನು ತಲೆ ತಗ್ಗಿಸಿದ. "ಅಜ್ಜಿ, ನಾನು ನಿಮ್ದು ತೆಗೀಲೇ ಇಲ್ಲ."

ದೇವೀರಮ್ಮ ನಕ್ಕಳು. ಹುಡುಗ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು.

"ಬೆಳಕು ಬಂತಲ್ಲ ಮಾರಾಯ," ಎಂದಳು. "ನಾನು ಕಣ್ಣು ಸಹ ಮುಚ್ಲಿಲ್ಲ."